ಎರಡು ಬೆರಳು ಜಾಗ

"ಗಾಲಿ ಎಷ್ಟು ದೊಡ್ದಾದ್ರೆ ಗಾಡೀನೂ ಅಷ್ಟೇ ಮ್ಯಾಕೆದ್ದದೆ ಅಂತ ಜನ ತಿಳ್ಕೊಂಡವ್ರೆ. ಅದು ತಪ್ಪು ಕಣವ್ವ. ದೊಡ್ದಾಗಿದ್ರಲ್ಲಿ ಅರ್ಧ ಅಚ್ಚಿನ ಕೆಳೀಕೆ ಓಯ್ತದೆ, ಅರ್ಧ ಅಚ್ಚಿನ ಮ್ಯಾಕೆ ಓಯ್ತದೆ. ನಾಕು ಬೆರಳು ದೊಡ್ಡ ಗಾಲಿ ಆಕುದ್ರೆ ಅಚ್ಚು ಏಳೋದು ಎಲ್ಡೇ ಬೆರಳು. ಇದ ನಂಗೆ ಮೈಸೂರಿನ ಅಂಗ್ಡಿಯೋನು ಕಲುಸ್ಲಿಲ್ಲ. ಅವ್ನು ಟೈರಿನ ಮ್ಯಾಲಿದ್ದ ಇಂಗ್ಲೀಸು ಅಂಕಿ ತೋರುಸ್ದ, ಅಷ್ಟೇಯ. ನಮ್ಮ ಸಿದ್ದಾಚಾರಿ ಗಾಡಿ ಗಾಲಿಗೆ ಕಬ್ಬಿಣದ ಪಟ್ಟೆ ಕಟ್ಟೋವಾಗ ಪಕ್ಕದಲ್ಲಿ ಕುಂತು ಕಲ್ತಿದ್ದೆ. ಆ ಲೆಕ್ಕದಲ್ಲಿ ನಾನು ತಪ್ಪಲಿಲ್ಲ. ಬಂಡೆಗೂ ಮೋಟಾರಿನ ಒಟ್ಟೆಗೂ ಎಲ್ಡು ಬೆರಳು ಜಾಗ ಇತ್ತು. ನಾನೇ ನೆಲದ ಮ್ಯಾಲೆ ಬೋರಲು ಬಿದ್ದು, ಬೆರಳಿಕ್ಕಿ ನೋಡಿದ್ದೆ. ಇತ್ತು ಕಣವ್ವ. ಮೋಟಾರು ಬರಿದಾಗಿದ್ದಾಗ ಇತ್ತು."

ಇದು ಮರಿಸ್ವಾಮಿ ಮಾವನ ಮಾತು. ನಮ್ಮತ್ತೆ ಚನ್ನಾಜಮ್ಮನವರ ತಮ್ಮ ಅವರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಮುಂದೇನಾಯಿತು ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಮೋಟಾರಿನಲ್ಲಿ ನಾನೂ ಇದ್ದೆ.

ಮಾವ ಎಳೆಗೂಸಾಗಿದ್ದಾಗಲೇ ಅವರ ತಾಯಿ ತೀರಿಕೊಂಡರು. ಸಾಕಿದವರು ಅಕ್ಕ. ಅಕ್ಕನನ್ನು ದೇವನೂರಿಗೆ ಕೊಟ್ಟಾಗ, ಮದುವೆಯ ಗಾಡಿಯಲ್ಲಿ ಹೆಣ್ಣಿನ ಪಕ್ಕದಲ್ಲೇ ನಾಲ್ಕು ವರ್ಷದ ತಮ್ಮನೂ ಕೂತು ಬಂದನಂತೆ. ಹಾಗೆ ಬಂದವರು ಈ ಮನೆಯಲ್ಲೇ ಉಂಡು ಬೆಳೆದು, ಈ ಮನೆಯ ಎತ್ತು ಕಟ್ಟಿದರು. ಭತ್ತದ ಮೂಟೆ ಹೇರಿಕೊಂಡು ತಿರುಮಕೂಡಲು ನರಸೀಪುರದ ಅಕ್ಕಿ ಮಂಡಿಗೆ ಹೋಗಿ ಬರುತ್ತಿದ್ದರು. ಆ ಮಂಡಿಯ ಮಾದಪ್ಪನವರು ಒಂದು ಸಣ್ಣ ಮೋಟಾರು ತಂದರು. ಆಗ ಮಹಾರಾಜರ ಕಾಲ, ನಮ್ಮ ಕಡೆ ಮೋಟಾರು ಬಂದರೆ ದನ ಬೆದರಿ ಹಗ್ಗ ಕಿತ್ತುಕೊಳ್ಳುತ್ತಿದ್ದವು. ಮೂಟೆ ಇಳಿಸಲು ಹೋದ ಮಾವ ಅದನ್ನು ನೋಡುತ್ತಾ ನೋಡುತ್ತಾ ನಡೆಸುವುದನ್ನೂ ಕಲಿತರು.

"ಲೇ ಮರಿಸ್ವಾಮಿ, ಇದುಕ್ಕೆ ಬಾರುಕೋಲು ಬ್ಯಾಡ ಕಣ್ಲಾ" ಅಂದರಂತೆ ಮಾದಪ್ಪನವರು.

"ಬೈಗುಳನಾದ್ರೂ ಬೇಕಾಯ್ತದೆ ಸಾ. ಬೈಸ್ಕೊಳ್ದೆ ಯಾವ್ದು ನಡುದದು?"

ಆ ಮಾತಿಗೆ ನಕ್ಕು ಅವರನ್ನೇ ಡ್ರೈವರ್ ಮಾಡಿಕೊಂಡರು.

ನಾನು ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದರೆ ಬದುಕುತ್ತಾರೆ, ಈ ತಿಂಗಳೊಳಗೆ ಹೋಗಬೇಕು ಎಂದು ನಂಜನಗೂಡಿನ ಡಾಕ್ಟರು ಕಾಗದ ಬರೆದುಕೊಟ್ಟರು. ನಂಜನಗೂಡು ಸೇರಿದರೆ ಮುಂದಕ್ಕೆ ರೈಲಿತ್ತು. ಅಲ್ಲಿಯ ತನಕ ಹೋಗುವುದು ಹೇಗೆ? ಡಾಕ್ಟರನ್ನು ಕಂಡು ಬಂದ ದಿನವೇ ಎತ್ತಿನ ಗಾಡಿ ಕುಲುಕಿ ಅತ್ತೆಗೆ ಎರಡು ಸಲ ಎಚ್ಚರ ತಪ್ಪಿತ್ತು. ಮಂಚದ ಮೇಲೆ ಮಲಗಿಸಿ ಹೊತ್ತುಕೊಂಡು ಹೋಗೋಣವೆಂದರೆ ಅವರೇ ಒಪ್ಪಲಿಲ್ಲ.

"ನಾಕು ಜನದ ಎಗಲ ಮ್ಯಾಲೆ ಓಗೋದು ಒಂದೇ ಸಲ. ನನ್ನ ಕೈಲಿ ಅದ ಎಲ್ಡು ಸಲ ಮಾಡುಸ್ಬ್ಯಾಡಿ" ಅಂದುಬಿಟ್ಟರು.

ಮಾವ ನರಸೀಪುರದಿಂದ ಬಂದು ಇದನ್ನು ಕೇಳಿದರು. ಅಕ್ಕನ ಕಾಲ ಬಳಿ ಕೂತು, "ನನ್ ಮೋಟಾರಲ್ಲಿ ಕರ್ಕೊಂಡೋಯ್ತೀನಿ. ತೊಟ್ಲಲ್ಲಿ ಮಲಗ್ದಂಗೆ ಮಲಗಿರು" ಅಂದರು.

ತೊಂದರೆ ಇದ್ದದ್ದು ಒಂದೇ ಕಡೆ. ನಮ್ಮೂರಿನಿಂದ ನಂಜನಗೂಡಿಗೆ ಹೋಗುವ ದಾರಿ ಒಂದು ಹಳ್ಳಕ್ಕೆ ಇಳಿಯುವ ಜಾಗದಲ್ಲಿ ನೆಲವೆಲ್ಲ ಬಂಡೆ. ಅಜ್ಜಂದಿರ ಕಾಲದಿಂದ ಗಾಡಿಯ ಪಟ್ಟೆಗಳು ಆ ಬಂಡೆಯನ್ನೇ ತೇದು ಎರಡು ಕಡೆ ಆಳದ ಜಾಡು ಮಾಡಿದ್ದವು. ನಡುವಿನ ಬಂಡೆ ಮಾತ್ರ ಎತ್ತಿನ ಬೆನ್ನಿನ ಹಾಗೆ ಉಳಿದುಕೊಂಡಿತ್ತು. ಪಕ್ಕದಲ್ಲಿ ಕತ್ತಾಳೆ ಬೇಲಿ, ಸರಿದು ಹೋಗಲು ದಾರಿಯಿಲ್ಲ. ನರಸೀಪುರ ಸುತ್ತಿ ಹೋಗೋಣವೆಂದರೆ ಅಷ್ಟು ದೂರದ ಕುಲುಕಾಟವನ್ನು ಅತ್ತೆ ತಡೆಯುತ್ತಿರಲಿಲ್ಲ. ಗಾಡಿಯ ಅಚ್ಚು ಎತ್ತರ, ಅದಕ್ಕೆ ಏನೂ ತಗಲುತ್ತಿರಲಿಲ್ಲ. ಸಣ್ಣ ಮೋಟಾರಿನ ಹೊಟ್ಟೆ ತಗ್ಗು. ಎಂಜಿನ್ನಿನ ಎಣ್ಣೆ ತೊಟ್ಟಿ ಎಲ್ಲಕ್ಕಿಂತ ಕೆಳಗೆ.

ಮಾವ ಪೊರಕೆಯ ಒಂದು ಹಂಚಿಕಡ್ಡಿಯನ್ನು ಬಂಡೆಯ ಎತ್ತರಕ್ಕೆ ಮುರಿದುಕೊಂಡು ಹೋಗಿ ಮೋಟಾರಿನ ಕೆಳಗೆ ಹಿಡಿದು ನೋಡಿದರು. ಕಡ್ಡಿ ಎಣ್ಣೆ ತೊಟ್ಟಿಗೆ ಸರಿಯಾಗಿ ತಾಗಿತು. ಎರಡು ಬೆರಳಾದರೂ ಬಿಡುವು ಬೇಕು, ಅಂದರೆ ಗಾಲಿ ನಾಲ್ಕು ಬೆರಳು ದೊಡ್ಡದಾಗಬೇಕು. ಮಾದಪ್ಪನವರಿಗೂ ಹಳ್ಳಿಗಳ ಮೇಲೆ ಭತ್ತ ನೋಡಲು ಹೋಗುವ ಕೆಲಸವಿತ್ತು. "ಆಗ್ಲಿ, ನಿಮ್ಮಕ್ಕನ್ನೂ ಕರ್ಕೊಂಡೋಗು. ಆದ್ರೆ ಒಂದು ಕಲ್ಲೂ ಅದ್ರ ಒಟ್ಟೆ ಮುಟ್ಬಾರ್ದು" ಎಂದು ಒಪ್ಪಿದರು. ಮೈಸೂರಿನ ಅಂಗಡಿಯವನು ಮೊದಲು ತೋರಿಸಿದ ಟೈರು ಒಂದೇ ಬೆರಳು ದೊಡ್ಡದು. ಮಾವ ಅದನ್ನು ಒಪ್ಪಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ದೊಡ್ಡ ಮೋಟಾರಿನ ಚಕ್ರಗಳನ್ನು ಹೊರಗೆಳೆಸಿ, ಗೇಣು ಬೆರಳು ಇಟ್ಟು ಅಳೆದು, ನಾಲ್ಕನ್ನೂ ಟೈರಿನ ಸಮೇತ ಆರಿಸಿಕೊಂಡರು. ಅವು ಮಡ್ಗಾರ್ಡಿಗೆ ಉಜ್ಜಿದವು. ಸಿದ್ದಾಚಾರಿ ಮಡ್ಗಾರ್ಡು ಎತ್ತಿ ಕಟ್ಟಿಕೊಟ್ಟರು.

"ಕೋಳಿ ಮರಿಗೆ ಕೊಕ್ಕರೆ ಕಾಲು ಅಂಟುಸ್ದಂಗದೆ" ಎಂದು ಆಚಾರಿ ನಕ್ಕರಂತೆ.

"ನಗು. ಅಳ್ಳ ದಾಟ್ಬೇಕಾದೋನು ನಾನು" ಅಂದರಂತೆ ಮಾವ. ಬಂಡೆಯ ಮೇಲೆ ತಂದು ನಿಲ್ಲಿಸಿ, ಕೆಳಗೆ ಮಲಗಿ ಬೆರಳಿಟ್ಟು ನೋಡಿದ್ದು ಆ ದಿನವೇ.

ಹೊರಡುವ ದಿನ ಬೆಳಿಗ್ಗೆ ಮೋಟಾರು ನಮ್ಮ ಬಾಗಿಲಿಗೆ ಬಂತು. ಆಸ್ಪತ್ರೆಗೆ ಹೋಗುವವಳನ್ನು ಮನೆಯವರು ಗಾಡಿ ತುಂಬ ಜೊತೆಗೆ ಹೋಗಿ ಬಿಡಬೇಕು, ಒಂಟಿಯಾಗಿ ಕಳಿಸಿದರೆ ತಿರುಗಿ ಬರುವುದಿಲ್ಲ ಎನ್ನುವುದು ನಮ್ಮಲ್ಲಿಯ ನಂಬಿಕೆ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟರು. ಅವರ ಕಾಲ ಬಳಿ ನಮ್ಮ ಯಜಮಾನರ ಸೋದರತ್ತೆ ಕೆಂಪಾಜಮ್ಮ ಹತ್ತಿದರು. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ. ಅವರ ಹಿಂದೆಯೇ ಅತ್ತೆಯ ಇಬ್ಬರು ಓರಗಿತ್ತಿಯರು ಹತ್ತಿದರು. ಮುಂದೆ ನಮ್ಮ ಯಜಮಾನರು. ಆಮೇಲೆ ಹಾಸಿಗೆ ಸುರುಳಿ, ರಾಗಿ ಹಿಟ್ಟಿನ ಚೀಲ, ಅಕ್ಕಿ ಮೂಟೆ, ಹಿತ್ತಾಳೆ ಕೊಳಗ.

ಮಾವ ಕೆಳಗೆ ಬಗ್ಗಿ, ಭಾರಕ್ಕೆ ತಗ್ಗಿದ್ದ ಮೋಟಾರಿನ ಹೊಟ್ಟೆ ನೋಡಿದರು. ಎದ್ದು ನಿಂತರು. ಕೆಂಪಾಜಮ್ಮನ ಕಡೆ ಒಮ್ಮೆ ನೋಡಿ, ಹೋಗಿ ತಮ್ಮ ಸೀಟಿನಲ್ಲಿ ಕೂತರು. ಅದನ್ನು ನಾನು ಕಂಡೆ.

ಬಂಡೆಯ ಹತ್ತಿರ ಬಂದಾಗ ಮೋಟಾರು ನಿಲ್ಲಿಸಿ, ತಿರುಗದೆಯೇ ಹೇಳಿದರು: "ಅಕ್ಕ ಒಬ್ಳಿರ್ಲಿ. ಮಿಕ್ಕೋರು ಇಲ್ಲಿ ವಸಿ ಇಳುದು ದಾಟುದ್ರೆ..."

"ಏನ್ಲಾ?" ಅಂದರು ಕೆಂಪಾಜಮ್ಮ. "ಮೋಟಾರು ಅತ್ತುಸ್ಬುಟ್ಟು ನಡ್ಕೊಂಡ್ಬನ್ನಿ ಅಂದಿಯಾ? ನಮ್ಮನೆ ಇಟ್ಟು ತಿಂದು ಬೆಳ್ದೋನು ನಮ್ಮನ್ನೇ ಬೀದೀಲಿ ಇಳುಸೀಯಾ?"

ಓರಗಿತ್ತಿಯರು ನಕ್ಕರು. ನಮ್ಮ ಯಜಮಾನರು ರಸ್ತೆ ನೋಡಿದರು. ಹೊಸ ಸೊಸೆ ನಾನು, ತೊಡೆಯ ಮೇಲೆ ಅತ್ತೆಯ ತಲೆ. ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ. ಮಾವ ಕೂಡ ಎರಡನೆಯ ಸಲ ಹೇಳಲಿಲ್ಲ. ಮೋಟಾರನ್ನು ಮೆಲ್ಲಗೆ ಜಾಡಿಗೆ ಇಳಿಸಿದರು.

ತಳದಲ್ಲಿ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ನನ್ನ ಪಾದದಿಂದ ಹತ್ತಿ ಹಲ್ಲಿನ ತನಕ ಬಂತು. ಹಳ್ಳದ ಆಚೆ ದಡ ಹತ್ತಿ, ಒಂದಿಷ್ಟು ದೂರ ಹೋಗಿ, ಎಂಜಿನ್ನು ಗಕ್ಕನೆ ನಿಂತಿತು. ಹಿಂದೆ ದಾರಿಯುದ್ದಕ್ಕೂ ಕಪ್ಪು ಎಣ್ಣೆಯ ಗೆರೆ. ಮಾವ ಕೆಳಗೆ ನುಗ್ಗಿ, ಪಂಚೆಯ ಅಂಚು ಹರಿದು ತೂತಿಗೆ ತುರುಕಿದರು. ಸೋಪು ಮೆತ್ತಿದರು. ಯಾವುದಕ್ಕೂ ಎಂಜಿನ್ನು ಕದಲಲಿಲ್ಲ. ಬಿಸಿಲು ಏರಿತು. ಅತ್ತೆ ನರಳುತ್ತಿದ್ದರು.

ಕೊನೆಗೆ ಅವರೇ ಕರೆದರು. "ಮರಿ, ಎದ್ದು ಬಾ. ಮೈಯೆಲ್ಲ ಎಣ್ಣೆ ಆಯ್ತು ನೋಡು."

ಹೊಲದ ಕಾವಲು ಗುಡಿಸಲಿನಿಂದ ಒಂದು ಹಗ್ಗದ ಮಂಚ ತಂದರು. ಇನ್ನು ಅರ್ಧ ದಾರಿ, ಹೊತ್ತುಕೊಂಡು ಹೋದರೆ ಸಂಜೆಗೆ ನಂಜನಗೂಡು ಎಂದರು ಹೊಲದವರು. ಅತ್ತೆ ಮಂಚವನ್ನು ಒಂದು ಗಳಿಗೆ ನೋಡಿದರು. "ಎತ್ತೋದೇ ಆದ್ರೆ ಊರಿಗೇ ಎತ್ತಿ. ಮುಂದುಕ್ಕೆ ಬ್ಯಾಡ" ಅಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಮಂಚದ ಒಂದು ಕಾಲಿಗೆ ಮಾವ ಹೆಗಲು ಕೊಟ್ಟರು. ಅವರ ಎಣ್ಣೆ ಕೈ ಗುರುತು ಅತ್ತೆಯ ಹೊದಿಕೆಯ ಮೇಲೆ ಹಾಗೇ ಉಳಿಯಿತು. ಎಷ್ಟು ಒಗೆದರೂ ಹೋಗಲಿಲ್ಲ.

ಆಷಾಢ ಕಳೆಯುವುದರೊಳಗೆ ಅತ್ತೆ ತೀರಿಕೊಂಡರು. "ಮೋಟಾರು ನಂಬಿ ಕೆಟ್ಟೋ" ಎಂದು ಕೆಂಪಾಜಮ್ಮ ಬಂದವರ ಮುಂದೆಲ್ಲ ಅತ್ತರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ನರಸೀಪುರಕ್ಕೂ ತಿರುಗಿ ಹೋಗಲಿಲ್ಲ. ಮತ್ತೆ ಎತ್ತು ಕಟ್ಟಿದರು. ಅವರ ಗಾಡಿಯ ಅಚ್ಚು ಆ ಬಂಡೆಗಿಂತ ಮೊಳದೆತ್ತರ ಇದ್ದರೂ ಅಲ್ಲಿಗೆ ಬಂದರೆ ಮಾತಿಲ್ಲದೆ ಗಾಡಿ ನಿಲ್ಲಿಸುತ್ತಿದ್ದರು. ಎಲ್ಲರೂ ಇಳಿಯುವ ತನಕ ಎತ್ತು ಹೊಡೆಯುತ್ತಿರಲಿಲ್ಲ. ಆಮೇಲಾಮೇಲೆ ಕೆಂಪಾಜಮ್ಮನೂ ಸದ್ದಿಲ್ಲದೆ ಇಳಿಯುತ್ತಿದ್ದರು.

ಒಂದು ವರ್ಷ ಕಳೆದು ಮಾದಪ್ಪನವರೇ ನಮ್ಮ ಬಾಗಿಲಿಗೆ ಬಂದರು. ರಿಪೇರಿಯಾದ ಅದೇ ಮೋಟಾರು, ಅವೇ ನಾಲ್ಕು ಚಕ್ರ. ಒಬ್ಬರೇ ನಡೆಸಿಕೊಂಡು ಬಂದಿದ್ದರು. ಮಾವ ಅಂಗಳದಲ್ಲಿ ಗಾಡಿಯ ಮುಂದಿನ ಮೂಕಿಮರಕ್ಕೆ ಆನಿಕೆ ಕೊಟ್ಟು, ಒಂದು ಗಾಲಿ ಕಳಚುತ್ತಿದ್ದರು.

"ನಂಜನಗೂಡಿನ ಕಡೆಯಿಂದ್ಲೇ ಬಂದೆ, ಬಂಡೆ ತಗಲ್ಲಿಲ್ಲ ಕಣ್ಲಾ ಮರಿಸ್ವಾಮಿ. ನಿನ್ನ ಲೆಕ್ಕ ಸರಿಯಾಗೇ ಅದೆ. ಬಾ, ಓಗವ."

"ಲೆಕ್ಕ ಸರಿ ಅದೆ ಸಾ. ಎತ್ತಾದ್ರೆ ಬಾರ ಜಾಸ್ತಿ ಆದ್ರೆ ನಿಂತ್ಕತ್ತವೆ. ಇದು ನಿಲ್ಲಾಕಿಲ್ಲ. ನಿಲ್ಸೋ ಬಾಯಿ ನಂಗಿಲ್ಲ."

ಮಾದಪ್ಪನವರು ಮೋಟಾರು ಹತ್ತಿ ಹೊರಟರು. ನಾನು ರೊಟ್ಟಿ ತಂದು ಕರೆದೆ. "ವಸಿ ತಾಳವ್ವ, ಇದೊಂದು ಆಗ್ಲಿ" ಅಂದರು ಮಾವ. ಅಚ್ಚಿನ ಮೇಲಿನ ಹಳೆಯ ಜಿಡ್ಡನ್ನು ಹುಲ್ಲಿನಿಂದ ಒರೆಸಿ, ಕೊಳವೆಯಿಂದ ಕೀಲೆಣ್ಣೆ ತೆಗೆದು ಸುತ್ತಲೂ ಸವರಿದರು. ಗಾಲಿಯನ್ನು ಎತ್ತಿ ಅಚ್ಚಿಗೆ ಏರಿಸಿ, ಅದು ಕಳಚದಂತೆ ಕಡಾಣಿ ಬಡಿದು, ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಇನ್ನೊಂದು ಗಾಲಿಯ ಕಡೆಗೆ ಹೋದರು.