ಗಿರಿಧರನ ಟೇಪಿನಲ್ಲಿ ನನ್ನ ಕೆಮ್ಮು

ವಿಷ್ಣುಪ್ರಸಾದ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. ಪುತ್ತೂರಿನ ನಮ್ಮ ತಾಳಮದ್ದಳೆ ಸಂಘದ ಕಾರ್ಯದರ್ಶಿ ಅವನು. ಒಳ್ಳೆಯವನೇ, ಆದರೆ ಫೋನ್ ಮಾಡಲು ಹೊತ್ತು ಗೊತ್ತು ಇಲ್ಲ.

"ಮಹೇಶಣ್ಣ, ಗಿರಿಧರಣ್ಣನಿಗೆ ಬರುವ ತಿಂಗಳು ಸನ್ಮಾನ ಇಟ್ಟುಕೊಂಡಿದ್ದೇವೆ. ಸ್ಮರಣ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಪುಟ ನೀವೇ ಬರಿಬೇಕು. ನಿಮ್ಮಷ್ಟು ಹತ್ತಿರದವರು ಬೇರೆ ಯಾರುಂಟು?"

ಹತ್ತಿರದವನು ಹೌದು. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ಆದರೆ ನಲವತ್ತು ವರ್ಷದಿಂದ ಅವನ ಮೇಲೆ ನನಗಿರುವ ಹೊಟ್ಟೆಕಿಚ್ಚನ್ನು ಸಂಚಿಕೆಯಲ್ಲಿ ಹೇಗೆ ಬರೆಯುವುದು? ಆಯಿತು ಎಂದೆ. ಫೋನ್ ಇಡುವ ಮೊದಲು ಅವನು ಇನ್ನೊಂದು ಮಾತು ಸೇರಿಸಿದ. "ಮತ್ತೆ, ಅವರ ಹಳೇ ಕ್ಯಾಸೆಟ್‌ಗಳನ್ನೆಲ್ಲ ಕಬಕದ ಇಮ್ತಿಯಾಝ್ ಪೆನ್‌ಡ್ರೈವಿಗೆ ಹಾಕ್ತಾ ಇದ್ದಾನೆ. ನಿಮ್ಮ ತಂದೆಯವರದ್ದೂ ಒಂದು ಉಂಟಂತೆ, ನೆಟ್ಟಣದ ಕೂಟದ್ದು. ಸಭೆಯಲ್ಲಿ ಅದನ್ನು ಹತ್ತು ನಿಮಿಷ ಕೇಳಿಸುದು ಅಂತ ಮಾಡಿದ್ದೇವೆ."

ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಗಿರಿಧರ ಯಾರು ಎಂದು ಮೊದಲು ಹೇಳುತ್ತೇನೆ, ಇದು ಅವನ ಬಗ್ಗೆ ಬರೆಯುವುದಲ್ಲವೇ. ಈಶ್ವರಮಂಗಲದ ಹಾಲಿನ ಸೊಸೈಟಿಯಲ್ಲಿ ಮೂವತ್ತಾರು ವರ್ಷ ಕಾರ್ಯದರ್ಶಿಯಾಗಿದ್ದವನು. ಕಡ್ಡಿಯಂಥ ಮೈ, ದಪ್ಪ ಕನ್ನಡಕ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ಸಿಲು. ಪೆನ್ಸಿಲು ಬರೆಯಲಿಕ್ಕಲ್ಲ, ಸಡಿಲವಾದ ಕ್ಯಾಸೆಟ್ ಸುತ್ತಲಿಕ್ಕೆ. ಅವನು ಪಾತ್ರವಾಗಿ ಕೂತು ಅರ್ಥ ಹೇಳುವವನಲ್ಲ, ಪದ್ಯ ಹೇಳುವವನಲ್ಲ, ಮದ್ದಳೆ ಮುಟ್ಟಿದವನಲ್ಲ. ಅವನು ಮಾಡಿದ್ದು ಇಷ್ಟೇ: ಪುತ್ತೂರು, ಸುಳ್ಯ, ಕಡಬದ ಸುತ್ತ ಎಲ್ಲಿ ತಾಳಮದ್ದಳೆ ಇದ್ದರೂ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೋಗಿ ಕೂತ. ಸಂಜೆಯ ಹಾಲು ಅಳೆಯಲು ಹೆಂಡತಿಗೆ ಕಲಿಸಿ ಹೋದ. ಬಂದು, ಕ್ಯಾಸೆಟಿನ ಮೇಲೆ ಊರು, ತಾರೀಕು, ಪ್ರಸಂಗ, ಕಲಾವಿದರ ಹೆಸರು ಎಲ್ಲವನ್ನೂ ಹಾಲಿನ ಫ್ಯಾಟ್ ಬರೆಯುವಷ್ಟೇ ಜಾಗ್ರತೆಯಿಂದ ಬರೆದಿಟ್ಟ.

ಆ ಟೇಪ್ ರೆಕಾರ್ಡರ್ ನನ್ನದಾಗಬೇಕಿತ್ತು. ಇದನ್ನು ಸಂಚಿಕೆಯವರು ಹೊಡೆದು ಹಾಕಿದರೂ ಸರಿ, ನಾನು ಬರೆದೇ ಬರೆಯುತ್ತೇನೆ.

ಎಂಬತ್ತೈದನೇ ಇಸವಿ. ಕಬಕದ ಕಾಸಿಂ, ಈಗಿನ ಇಮ್ತಿಯಾಝನ ತಂದೆ, ದುಬಾಯಿಯಿಂದ ರಜೆಯಲ್ಲಿ ಬಂದಿದ್ದ. ನನಗೆ ಹೇಳಿ ಕಳುಹಿಸಿದ. ಅವನ ಮನೆಯ ಚಾವಡಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಥರ್ಮೋಕೋಲಿನ ಒಳಗಿನಿಂದ ಹೊಸ ಸಾಮಾನಿನ ಒಂದು ಪರಿಮಳ ಬಂತು, ಈಗಲೂ ಮೂಗಿನಲ್ಲಿ ಉಂಟು. ಕಪ್ಪು ಮೈ, ಬೆಳ್ಳಿ ಅಂಚು, ತೂತುತೂತಿನ ಚರ್ಮದ ಕವರು. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಕೆಂಪು ದೀಪ. ಕಾಸಿಂ ನನ್ನಿಂದ ಒಂದು ಮಾತು ಆಡಿಸಿ ತಿರುಗಿ ಕೇಳಿಸಿದ. ನನ್ನ ಸ್ವರ ಅಷ್ಟು ಕೀರಲು ಎಂದು ನನಗೆ ಗೊತ್ತಾದದ್ದೇ ಅಂದು.

"ನಿಮಗೆ ಅಂತಲೇ ತಂದದ್ದು ಭಟ್ರೆ, ತಕೊಂಡು ಹೋಗಿ" ಎಂದ.

ತಕೊಳ್ಳಬೇಕಿತ್ತು. ಆದರೆ ನನ್ನ ತಲೆ ನೋಡಿ! "ಎರಡು ಕ್ಯಾಸೆಟ್ ಹಾಕುವಂಥದ್ದು ಬಂದಿದೆಯಂತಲ್ಲ ಕಾಸಿಂ?" ಎಂದು ಕೇಳಿದೆ.

"ಉಂಟು. ಮುಂದಿನ ರಜೆಗೆ ಬೇಕಾದ್ರೆ ತರುವಾ."

"ಹಾಗಾದ್ರೆ ಅದೇ ಇರಲಿ. ನಾನು ಕಾಯ್ತೇನೆ."

ನಾನು ಕಾದೆ. ಮರುದಿನವೇ ಗಿರಿಧರ ಸೈಕಲ್ಲಿನಲ್ಲಿ ಹೋಗಿ ಅದನ್ನು ಹೊತ್ತುಕೊಂಡು ಬಂದ. ಅದಕ್ಕೆ ಎಷ್ಟು ಕ್ಯಾಸೆಟ್ ಹಿಡಿಯುತ್ತದೆ ಎಂದೂ ಕೇಳಲಿಲ್ಲವಂತೆ.

ಎರಡು ಕ್ಯಾಸೆಟಿನದ್ದು ಬರುವ ಹೊತ್ತಿಗೆ ವಿಡಿಯೋ ಕ್ಯಾಮೆರಾದ ಸುದ್ದಿ ಬಂತು. ಸ್ವರ ಮಾತ್ರ ಯಾಕೆ, ಮುಖವೂ ಬರಲಿ ಎಂದು ಕಾದೆ. ಅದು ಕೈಗೆಟುಕುವ ಹೊತ್ತಿಗೆ ಸಿ.ಡಿ. ಬಂತು. ಅಂಗೈಯಷ್ಟಿನ ಒಂದು ರೆಕಾರ್ಡರ್ ಬಂತು, ಅದರ ಚಿತ್ರ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡೆ. ಅಂಥ ಚಿತ್ರಗಳ ಒಂದು ಕಟ್ಟೇ ನನ್ನ ಕಪಾಟಿನಲ್ಲಿ ಉಂಟು. ಆಗಾಗ ತೆಗೆದು ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ. ನನ್ನ ಹೆಂಡತಿ ದೇವಕಿಗೆ ಆ ಕಟ್ಟು ಕಂಡರೆ ನಗು. "ನಿಮಗೆ ಬೇಕಾದ್ದು ಮೆಷಿನ್ ಅಲ್ಲ, ಮುಂದಿನ ಮೆಷಿನ್" ಎನ್ನುತ್ತಾಳೆ. ಗಿರಿಧರ ಮಾತ್ರ ಅದೇ ಕಪ್ಪು ಪೆಟ್ಟಿಗೆಯನ್ನು ಇಪ್ಪತ್ತೆರಡು ವರ್ಷ ಹೊತ್ತ. ಮುಗಿದ ಬ್ಯಾಟರಿಗಳನ್ನು ಅಂಗಳದಲ್ಲಿ ಬಿಸಿಲಿಗೆ ಇಟ್ಟು ಇನ್ನೊಂದು ಗಂಟೆ ಓಡಿಸುತ್ತಿದ್ದ.

ಮೆಷಿನ್ ಅವನಲ್ಲಿದ್ದದ್ದು ಹೇಗೂ ಸಹಿಸಬಹುದಿತ್ತು. ಅದರಿಂದ ಅವನಿಗೆ ಸಿಕ್ಕಿದ ಮರ್ಯಾದೆ ಇದೆಯಲ್ಲ, ಅದು ನನ್ನನ್ನು ಸುಟ್ಟಿತು. ಎಲ್ಲಿ ಹೋದರೂ ಎದುರಿನ ಸಾಲು ಅವನಿಗೆ. "ಗಿರಿಧರ ಬಂದನಾ? ಹಾಗಾದ್ರೆ ಶುರು ಮಾಡುವಾ" ಎನ್ನುತ್ತಿದ್ದರು ಭಾಗವತರು. ಅವನು ಕ್ಯಾಸೆಟ್ ತಿರುಗಿಸಿ ಹಾಕುವವರೆಗೆ ಒಂದು ಪದ್ಯ ಹೆಚ್ಚೇ ಹಾಡುತ್ತಿದ್ದರು. ಊರಿಗೇ ಹೆಸರಾದ ಅರ್ಥಧಾರಿಯ ಮಗ ನಾನು, ನನಗೆ ಹಿಂದಿನ ಕಂಬ.

ಅಪ್ಪ ದೊಡ್ಡ ಅರ್ಥಧಾರಿ. ವೇಷವಿಲ್ಲ, ಬರೆದಿಟ್ಟ ಮಾತಿಲ್ಲ. ಕೂತಲ್ಲೇ, ಆ ಕ್ಷಣಕ್ಕೆ ಹುಟ್ಟಿದ ಮಾತಿನಿಂದ ಸಭೆಯನ್ನು ಅಳಿಸುತ್ತಿದ್ದರು, ನಗಿಸುತ್ತಿದ್ದರು. ಮನೆಯಲ್ಲಿ ಮಾತ್ರ ಅವರಿಗೆ ಮಾತೇ ಇಲ್ಲ. ನನ್ನೊಡನೆ ಇಡೀ ದಿನದಲ್ಲಿ ನಾಲ್ಕು ಮಾತು, ಅದರಲ್ಲಿ ಎರಡು ದನದ ವಿಷಯ. ತನ್ನ ಅರ್ಥವನ್ನು ಟೇಪ್ ಮಾಡಲು ಅವರು ಯಾರಿಗೂ ಬಿಟ್ಟವರಲ್ಲ. "ಇವತ್ತು ಹೇಳಿದ್ದು ಇವತ್ತಿಗೆ" ಎನ್ನುತ್ತಿದ್ದರು. ಟೇಪ್ ರೆಕಾರ್ಡರ್ ತರುವಾ ಎಂದು ನಾನು ಒಮ್ಮೆ ಬಾಯಿ ಬಿಟ್ಟಾಗ, "ನಾನು ಮನೆಯಲ್ಲೇ ಇರುವಾಗ ನನ್ನ ಸ್ವರ ಪೆಟ್ಟಿಗೆಯಲ್ಲಿ ಎಂತಕ್ಕೆ?" ಎಂದಿದ್ದರು.

ಅಂಥವರು ಎಂಬತ್ತಾರರಲ್ಲಿ, ನೆಟ್ಟಣದಲ್ಲಿ, ಗಿರಿಧರನಿಗೆ ಒಪ್ಪಿದರು.

ಭಾನುವಾರ ಮಧ್ಯಾಹ್ನ, ರೈಲ್ವೇ ಸ್ಟೇಷನ್ನಿನ ಹತ್ತಿರ ಒಂದು ಶಾಲೆಯ ಸಭಾಂಗಣದಲ್ಲಿ ಕೂಟ. ನಮ್ಮೂರಿನ ಮಾಯಿಲಪ್ಪನ ಬಾಡಿಗೆ ಜೀಪಿನಲ್ಲಿ ಎಲ್ಲರೂ ಒಟ್ಟಿಗೆ ಹೋಗಿದ್ದೆವು. ದಾರಿಯಲ್ಲಿ ಗಿರಿಧರ, "ಇವತ್ತೊಂದು ದಿನ ಟೇಪ್ ಹಾಕ್ಲಾ?" ಎಂದು ಕೇಳಿದ. ಅಪ್ಪ ಹೊರಗೆ ನೋಡುತ್ತಲೇ, "ಹಾಕು" ಎಂದರು. ನಾನು ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡೆ. ಅಲ್ಲ, ನಾನು ಕೇಳಿದಾಗ ಪೆಟ್ಟಿಗೆ ಎಂತಕ್ಕೆ, ಇವನು ಕೇಳಿದರೆ ಹಾಕು! ಮೈಯೆಲ್ಲ ಉರಿಯಿತು. ನೆಟ್ಟಣದಲ್ಲಿ ಕಾಫಿ ಕೊಟ್ಟರು, ಬೇಡ ಎಂದೆ. ಊಟಕ್ಕೂ ಕೂರಲಿಲ್ಲ. ಕೂಟ ಶುರುವಾಗುವಾಗ ಅಪ್ಪ ತಾನೇ ಬಗ್ಗಿ, ಗಿರಿಧರನ ಪೆಟ್ಟಿಗೆಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡದ್ದನ್ನು ಕಂಬದ ಹಿಂದಿನಿಂದ ನೋಡಿದೆ.

ಆ ದಿನ ಅಪ್ಪನದ್ದು ಮುದಿ ರಾಜನ ಪಾತ್ರ. ಯುದ್ಧಕ್ಕೆ ಹೊರಟ ಮಗನನ್ನು ಬೀಳ್ಕೊಡುವ ಸಂದರ್ಭ. ಸಭೆಯೆಲ್ಲ ಕಿವಿಯಾಗಿ ಕೂತಿತ್ತು. ಕೆಂಪು ದೀಪ ಉರಿಯುತ್ತಿತ್ತು. ನನಗೆ ಏನಾಯಿತೋ, ಕೆಮ್ಮಿದೆ. ಕೆಮ್ಮು ಬಂದು ಕೆಮ್ಮಿದ್ದಲ್ಲ, ಬೇಕೆಂದೇ ಕೆಮ್ಮಿದೆ. ಗಿರಿಧರನ ಭುಜ ಹಾರಿದ್ದು ಕಂಡು ಖುಷಿಯಾಯಿತು. ಮತ್ತೆ ಕೆಮ್ಮಿದೆ. ಅಪ್ಪ ಎಲ್ಲಿ ಸ್ವರ ತಗ್ಗಿಸುತ್ತಾರೋ ಅಲ್ಲೇ ನೋಡಿ ನೋಡಿ ಕೆಮ್ಮಿದೆ. ಕೊನೆಗೆ ನಗು ತಡೆಯಲಾಗದೆ ಕೆಮ್ಮುತ್ತಲೇ ಎದ್ದು ಹೊರಗೆ ನಡೆದೆ. ಜಗಲಿಯಲ್ಲಿ ನಿಂತಿದ್ದಾಗ ಮಾಯಿಲಪ್ಪ ಒಂದು ಚೆಂಬು ನೀರು ತಂದು, "ಕುಡಿಯಿರಿ ಅಣ್ಣ" ಎಂದ. ಯಾರು ಕೊಟ್ಟು ಕಳುಹಿಸಿದ್ದು ಎಂದು ನಾನು ಕೇಳಲಿಲ್ಲ. ಅವನು ಆಚೆ ಹೋದ ಮೇಲೆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದೆ.

ಮುಂದಿನ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಉಳಿಯಿತು, ಕೋಲು ಉಳಿಯಿತು, ಸ್ವರ ಉಳಿಯಲಿಲ್ಲ. ಆ ಸ್ವರ ಇದ್ದದ್ದು ಗಿರಿಧರನ ಕಪಾಟಿನಲ್ಲಿ, ಒಂದೇ ಒಂದು ಕ್ಯಾಸೆಟಿನಲ್ಲಿ. "ಬಂದು ಕೇಳು ಮಾರಾಯ" ಎಂದು ಅವನು ಎಷ್ಟು ಸಲ ಕರೆದ! ನಾನು ಹೋಗಲಿಲ್ಲ. ಸ್ವಾಭಿಮಾನ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೆದರಿಕೆ. ಅಪ್ಪನ ಮಾತಿನ ಮೇಲೆ ಕೂತ ಆ ಕೆಮ್ಮು ಬೇಕೆಂದೇ ಕೆಮ್ಮಿದ್ದು ಎಂದು ನನಗೊಬ್ಬನಿಗೇ ಗೊತ್ತಿತ್ತಲ್ಲ. ಈಗ ಅದನ್ನು ತುಂಬಿದ ಸಭೆಯಲ್ಲಿ ಹಾಕುತ್ತಾರಂತೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕಬಕಕ್ಕೆ ಹೋದೆ. ಇಮ್ತಿಯಾಝ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದ.

"ಆ ನೆಟ್ಟಣದ್ದರಲ್ಲಿ ಯಾರೋ ಕೆಮ್ಮಿದ್ದು ಉಂಟಂತೆ" ಎಂದೆ, ನನಗೆ ಸಂಬಂಧವೇ ಇಲ್ಲದವನಂತೆ. "ಅದನ್ನು ತೆಗಿಲಿಕ್ಕೆ ಆಗ್ತದಾ?"

"ಕಾಲ ಹಾಗುಂಟು ಭಟ್ರೆ, ಎಲ್ಲ ಆಗ್ತದೆ" ಎಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದ. ಪರದೆಯ ಮೇಲೆ ಸ್ವರವೆಲ್ಲ ಗೆರೆಯಾಗಿ ಕಾಣಿಸಿತು. ನಡುವೆ ಉದ್ದುದ್ದ ಮುಳ್ಳು. "ಇದೆಲ್ಲ ಕೆಮ್ಮು. ಹನ್ನೊಂದು ಉಂಟು. ಪಾಪ, ಯಾರೋ ಜೋರು ಕಾಯಿಲೆಯವರು."

ನನ್ನ ಕಿವಿಗೆ ಹೆಡ್‌ಫೋನ್ ಇಟ್ಟ.

ಮೊದಲು ರೈಲು ಕೂಗಿತು. ಆಮೇಲೆ ಅಪ್ಪ. ಮೂವತ್ತೆಂಟು ವರ್ಷವಾಗಿತ್ತು ಆ ಸ್ವರ ಕೇಳದೆ; ನಾನು ನೆನಪಿಟ್ಟುಕೊಂಡದ್ದಕ್ಕಿಂತ ಮೆದು ಸ್ವರ. "ಮಗನೇ, ಹೊರಟವನನ್ನು ತಡೆಯುವ ಶಕ್ತಿ ನನಗಿಲ್ಲ. ಆದರೆ ನೀನು ಹುಟ್ಟಿದ ದಿನದಿಂದ ನಿನ್ನಲ್ಲಿ ಹೇಳದೆ ಉಳಿಸಿಕೊಂಡ ಒಂದು ಮಾತುಂಟು. ಅದನ್ನು ಕೇಳಿ ಹೋಗು. ಅದು ಏನೆಂದರೆ..."

ಅಲ್ಲಿ ನಾನು ಕೆಮ್ಮಿದೆ. ಒಂದಾದ ಮೇಲೆ ಒಂದು, ದೂರವಾಗುತ್ತ ಹೋಗುವ ಕೆಮ್ಮು. ನಾನು ಎದ್ದು ಹೊರಗೆ ನಡೆದದ್ದು.

ಟೇಪು ಓಡುತ್ತಿತ್ತು. ಅಪ್ಪ ಮಾತು ಮುಂದುವರಿಸಲಿಲ್ಲ. ಆಮೇಲೆ ಅದೇ ಸ್ವರ, ಆದರೆ ರಾಜನದ್ದಲ್ಲ, ಮನೆಯದ್ದು. "ನಮ್ಮ ಮಾಣಿ ಅಲ್ವಾ ಕೆಮ್ಮುದು? ಮಾಯಿಲಪ್ಪ, ಅವನಿಗೆ ಒಂದು ಚೆಂಬು ನೀರು ಕೊಡು ಮಾರಾಯ. ಬೆಳಿಗ್ಗೆಯಿಂದ ಒಂದು ಗುಟುಕು ಕುಡಿಯಲಿಲ್ಲ ಅವ."

ಮಾಣಿ ಎಂದರೆ ನಮ್ಮಲ್ಲಿ ಹುಡುಗ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಮೀಸೆ ಇತ್ತು. ಕಾಫಿ ಬೇಡ ಎಂದದ್ದನ್ನು, ಊಟಕ್ಕೆ ಕೂರದೆ ಇದ್ದದ್ದನ್ನು ಅವರು ನೋಡಿದ್ದರು. ಒಂದು ಮಾತು ಆಡದೆ ನೋಡಿದ್ದರು.

ಭಾಗವತರು ಮುಂದಿನ ಪದ್ಯ ಎತ್ತಿದರು. ನಾನು ಕೊನೆಯವರೆಗೂ ಕಾದೆ. ಆ ಅರ್ಧ ಮಾತಿಗೆ ಅಪ್ಪ ತಿರುಗಿ ಬರಲಿಲ್ಲ.

ಇಮ್ತಿಯಾಝ್ ಬೆರಳಿಟ್ಟು ತೋರಿಸಿದ. "ತೆಗಿಬೇಕಾದ್ರೆ ಇಲ್ಲಿಂದ ಇಲ್ಲಿವರೆಗೆ ಪೂರಾ ತೆಗಿಬೇಕು ಭಟ್ರೆ. ಆ ನೀರಿನ ಮಾತು ಹೇಗೂ ಪ್ರಸಂಗದ್ದಲ್ಲ. ತೆಗಿಲಾ?"

"ಬೇಡ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೋ ಏನೋ, ಅವನು ಕೈ ಹಿಂದೆ ತೆಗೆದ.

ಅಲ್ಲಿಂದ ನೇರ ಈಶ್ವರಮಂಗಲಕ್ಕೆ, ಗಿರಿಧರನ ಮನೆಗೆ. ಚಾವಡಿಯಲ್ಲಿ ಕೂತು ಅಂಗಿಯ ಗುಂಡಿ ಹೊಲಿಯುತ್ತಿದ್ದ. ಕೂರುವ ಮೊದಲೇ ಹೇಳಿಬಿಟ್ಟೆ: "ನೆಟ್ಟಣದಲ್ಲಿ ನನಗೆ ಕೆಮ್ಮು ಇರಲಿಲ್ಲ."

"ಗೊತ್ತುಂಟು" ಎಂದ, ಸೂಜಿಯಿಂದ ಕಣ್ಣೆತ್ತದೆ. "ಕೆಮ್ಮು ಇರುವವ ಕಂಬದ ಹಿಂದಿನಿಂದ ಇಣುಕಿ ಇಣುಕಿ ನೋಡ್ತಾನಾ ಮಾರಾಯ?"

"ಮತ್ತೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿ ಎಂತ ಮಾಡುದು? ನಿನ್ನಪ್ಪ ನಿಜ ಅಂತಲೇ ತಿಳ್ಕೊಂಡ್ರು. ಹಾಗೇ ಇರಲಿ ಅಂತ ಬಿಟ್ಟೆ. ಬಂದು ಕೇಳು, ಬಂದು ಕೇಳು ಅಂತ ಬಾಯಿ ಬಡ್ಕೊಂಡದ್ದು ಮತ್ತೆ ಯಾಕೆ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ನಾಚಿಕೆ ಬಿಟ್ಟು ಕೇಳಿದೆ. "ಆ ಕ್ಯಾಸೆಟ್ ನನಗೆ ಕೊಡು."

"ಪೆನ್‌ಡ್ರೈವಿಗೆ ಹಾಕಿ ಕೊಡ್ತೇನೆ. ಕ್ಯಾಸೆಟ್ ಕೊಡುದಿಲ್ಲ."

"ನನ್ನ ಅಪ್ಪ, ಗಿರಿಧರ!"

"ನನ್ನ ಕ್ಯಾಸೆಟ್, ಮಹೇಶ."

ನೋಡಿ, ಇವನಿಗೆ ಸನ್ಮಾನ! ನನ್ನ ಅಪ್ಪ ಬಾಯ್ತುಂಬ ನನ್ನನ್ನು ಮಾಣಿ ಎಂದು ಕರೆದದ್ದು ಈ ಮನುಷ್ಯನ ಕಪಾಟಿನಲ್ಲಿ, ಇವನ ದುಂಡು ಅಕ್ಷರದ ಚೀಟಿಯ ಹಿಂದೆ ಉಂಟು. ನಾನು ಮುಂದಿನ ಮೆಷಿನ್ ಬರಲಿ ಎಂದು ಕಾಯುತ್ತ ಕೂತಾಗ ಇವನು ಹಿಡಿದಿಟ್ಟದ್ದು. ಹೊಟ್ಟೆ ಉರಿಯಿತು, ನಲವತ್ತು ವರ್ಷದಲ್ಲಿ ಎಂದೂ ಉರಿಯದಷ್ಟು. ಏನೋ ಬೈಯಲು ಬಾಯಿ ತೆರೆದೆ. ಮಾತಿನ ಬದಲು ಕೆಮ್ಮು ಬಂತು, ಈ ಸಲ ನಿಜವಾದ್ದು, ನಿಲ್ಲಲೇ ಇಲ್ಲ.

ಗಿರಿಧರ ಅಂಗಿ ಬದಿಗಿಟ್ಟು ಒಳಗೆ ಹೋಗಿ ಒಂದು ಚೆಂಬು ನೀರು ತಂದ. ನನ್ನ ಮುಂದೆ ಹಿಡಿದ.

ತೆಗೆದುಕೊಂಡು ತಳದವರೆಗೆ ಕುಡಿದೆ. ಕುಡಿಯುವಾಗಲೂ ಕಣ್ಣು ಅವನ ಕಪಾಟಿನ ಮೇಲೇ ಇತ್ತು.