ಅತ್ತಿಗೆ ಕುಡಿದದ್ದು

ಆ ಕೆಮ್ಮಿನ ಔಷಧಿಗೆ ಮೊದಲು ಹೆಸರೇ ಇರಲಿಲ್ಲ. ಅತ್ತಿಗೆಯ ಮೈದುನ ಅದನ್ನು ಮನೆಯ ಹಿಂದಿನ ಕೋಣೆಯಲ್ಲಿ ಕುದಿಸಿ, ಬಾಟಲಿಗೆ ತುಂಬಿ, ಅಂಗಡಿಯಲ್ಲಿ ಜೋಡಿಸಿಟ್ಟಿದ್ದ. ಡಾಂಬರಿನಂಥ ಬಣ್ಣ ನೋಡಿ ಗಿರಾಕಿಗಳು ಮೂಗು ಮುರಿದರು.

"ಇದನ್ನ ಕುಡಿದು ಬದುಕಿದವರು ಯಾರಾದ್ರೂ ಇದ್ದಾರಾ?" ಎಂದು ಎದುರುಮನೆ ದರ್ಜಿ ಕೇಳಿಯೇಬಿಟ್ಟ.

ಮೈದುನ ಒಳಗಿದ್ದ ಅತ್ತಿಗೆಯನ್ನು ಕರೆದ. ಗಂಡ ತೀರಿಕೊಂಡ ಮೇಲೆ ಆಕೆಗೆ ಆ ಮನೆಯೇ ಗತಿ. ಕರೆದಾಗ ಬಂದಳು, ಎಲ್ಲರೆದುರು ಒಂದು ಚಮಚ ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಮರುದಿನ ದರ್ಜಿಯ ಹೆಂಡತಿ ಬಂದು, "ಅತ್ತಿಗೆ ಕುಡಿದದ್ದು ಒಂದು ಬಾಟ್ಲಿ ಕೊಡಿ" ಅಂದಳು. ತಿಂಗಳೊಳಗೆ ಬಾಟಲಿಯ ಚೀಟಿಯ ಮೇಲೂ ಅದೇ ಹೆಸರು ಅಚ್ಚಾಯಿತು.

ಹೆಸರು ಬಂದದ್ದೇ ತಡ, ಕೌಂಟರಿನ ಪಕ್ಕ ಅತ್ತಿಗೆಗೊಂದು ಸ್ಟೂಲು ಕಾಯಂ ಆಯಿತು. ಹೊಸ ಗಿರಾಕಿ ಬಂದಾಗಲೆಲ್ಲ ಒಂದು ಚಮಚ. ಒಂದು ದಿನವೂ ಕೆಮ್ಮದ ಹೆಂಗಸು ಹನ್ನೊಂದು ವರ್ಷ ಊರ ಕೆಮ್ಮಿಗೆಲ್ಲ ಔಷಧಿ ಕುಡಿದಳು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ.

ದೂರದೂರಿಗೆ ಮದುವೆಯಾಗಿ ಹೋದ ಮಗಳ ಮೊದಲ ಹೆರಿಗೆಗೆ ಹೋಗಿಬರುತ್ತೇನೆ ಎಂದು ಅತ್ತಿಗೆ ಹೇಳಿದಾಗ ಮೈದುನ ಮುಖ ಸಪ್ಪಗೆ ಮಾಡಿಕೊಂಡ.

"ಸ್ಟೂಲು ಖಾಲಿಯಿದ್ರೆ ಜನ ಸುಮ್ನಿರ್ತಾರಾ ಅತ್ತಿಗೆ? ಔಷಧಿ ಕುಡಿದೇ ಸತ್ತಳು ಅಂತಾರೆ."

ಆ ಮೊಮ್ಮಗ ಶಾಲೆಗೆ ಹೋಗುವಷ್ಟು ದೊಡ್ಡವನಾದ. ಅವನನ್ನು ಒಮ್ಮೆಯೂ ಎತ್ತಿಕೊಳ್ಳಲಾಗಲಿಲ್ಲ. ಎರಡನೆಯ ಕೂಸು ಹುಟ್ಟಿದ ಸುದ್ದಿ ಬಂದಾಗ ಯಾರಿಗೂ ಹೇಳದೆ ಬಸ್ಸು ಹತ್ತಿಬಿಟ್ಟಳು. ಈ ಕೂಸನ್ನಾದರೂ ಮಡಿಲಲ್ಲಿ ಮಲಗಿಸಿಕೊಳ್ಳಬೇಕು, ಅಷ್ಟೇ ಅವಳ ಆಸೆ.

ಒಂದೂವರೆ ದಿನದ ದಾರಿ. ಅರ್ಧ ದಾರಿಯಲ್ಲೇ ಮೈಕೈ ನೋವು, ಬೆವರು, ಚಳಿ. ಮಗಳ ಮನೆ ಮುಟ್ಟುವಾಗ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಔಷಧಿಗೆ ಅಫೀಮು ಬೀಳುವುದು ಅವಳಿಗೆ ಗೊತ್ತಿತ್ತು, ಸೋಸುತ್ತಿದ್ದವಳೇ ಅವಳು. ಅದು ತನ್ನನ್ನು ಹಿಡಿದುಕೊಂಡಿದೆ ಎಂಬುದು ಮಾತ್ರ ಈಗ ಗೊತ್ತಾಯಿತು. ಮೈದುನನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಆ ಒಂದು ಚಮಚ ಬೇಕೆನಿಸಿತು.

ಮಗಳು ನಗುತ್ತ ಕೂಸನ್ನು ಚಾಚಿದಳು. ಅತ್ತಿಗೆ ಕೈ ನೀಡಿದಳು. ಮೊಣಕೈವರೆಗೂ ನಡುಗುತ್ತಿದ್ದ ಕೈ ನೋಡಿ ಮಗಳು ಕೂಸನ್ನು ಮತ್ತೆ ಎದೆಗೆ ಒತ್ತಿಕೊಂಡಳು.

"ಇವತ್ತು ಬೇಡಮ್ಮ, ಬೀಳಿಸಿಬಿಡ್ತೀಯ. ನಾಳೆ ಎತ್ಕೊಳ್ಳುವೆಯಂತೆ."

ಅತ್ತಿಗೆ ನೀಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ವಾಪಸ್ ಬಸ್ಸು ಎಷ್ಟು ಹೊತ್ತಿಗಿದೆ?" ಎಂದು ಕೇಳಿದಳು.