ಸಹಿಗೆ ಕಾದ ಪ್ರೂಫು

ಲಕಮನಹಳ್ಳಿಯ ಹುಲಗಪ್ಪನವರು ಧಾರವಾಡದ ಛಾಪಖಾನೆಯೊಂದರಲ್ಲಿ ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಗಣಿತದ ಪುಸ್ತಕ ಬಂತೆಂದರೆ ಮಾಲೀಕರು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಭಿನ್ನರಾಶಿಯ ಅಡ್ಡಗೆರೆ, ಮೇಲೆ ಅಂಶ, ಕೆಳಗೆ ಛೇದ, ಅಕ್ಕಪಕ್ಕ ಎಷ್ಟು ಜಾಗ ಬಿಡಬೇಕೆಂಬುದು ಅವರ ಕಣ್ಣಿಗೇ ಗೊತ್ತಿತ್ತು. ಕಲಿತದ್ದು ಎಂಟನೆಯ ಇಯತ್ತೆ. ಆದರೆ ಜೋಡಿಸುತ್ತ ಜೋಡಿಸುತ್ತ ಲೆಕ್ಕವೂ ತಲೆಗೆ ಇಳಿಯಿತು. ಇಳಿಯದೆ ಏನು, ತಲೆಗೇನು ಇಯತ್ತೆ ಗೊತ್ತಾಗುತ್ತದೆಯೇ?

ಈಗ ಎಪ್ಪತ್ತೊಂದರಲ್ಲಿ, ಮಕ್ಕಳು ಲೆಕ್ಕ ಕೇಳುವ ಆನ್‌ಲೈನ್ ವೇದಿಕೆಯೊಂದು ಅವರ ಕಣ್ಣಿಗೆ ಬಿತ್ತು. ಚಿನ್ಮಯೀ ಎಂಬ ಹುಡುಗಿ ಭಿನ್ನರಾಶಿಗಳ ಉದ್ದನೆಯ ಸಾಲೊಂದನ್ನು ಹಾಕಿ, ಮೊತ್ತ ತೆಗೆಯುವುದು ಹೇಗೆಂದು ಕೇಳಿದ್ದಳು. ಹುಲಗಪ್ಪನವರಿಗೆ ಮೈ ಜುಮ್ಮೆಂದಿತು. ಹಿಂದೆ ಇದೇ ಸಾಲಿನ ಮೊಳೆ ಜೋಡಿಸುವಾಗ, ಪುಸ್ತಕದಲ್ಲಿದ್ದುದಕ್ಕಿಂತ ಹತ್ತಿರದ ದಾರಿ ಅವರಿಗೆ ಹೊಳೆದಿತ್ತು. ಒಂದೊಂದು ಭಿನ್ನರಾಶಿಯನ್ನೂ ಕಳೆಯುವ ಲೆಕ್ಕದಂತೆ ಎರಡಾಗಿ ಒಡೆದರೆ ಹಿಂದಿನದರ ಬಾಲ ಮುಂದಿನದರ ತಲೆಯನ್ನು ತಿಂದುಹಾಕುತ್ತದೆ. ಕೊನೆಗೆ ಉಳಿಯುವುದು ಮೊದಲಿನದರ ತಲೆ, ಕೊನೆಯದರ ಬಾಲ, ಎರಡೇ. ಆಗ ಯಾರಿಗೂ ಹೇಳಲಿಲ್ಲ. ಮೊಳೆ ಜೋಡಿಸುವವನನ್ನು ಯಾರು ಕೇಳುತ್ತಿದ್ದರು?

ಕಂಪ್ಯೂಟರ್ ಮುಂದೆ ಕುಳಿತು, ಜಾಗ ಬಿಟ್ಟು ಬಿಟ್ಟು, ಮೊಳೆ ಜೋಡಿಸಿದಂತೆಯೇ ಉತ್ತರ ಜೋಡಿಸಿದರು. ಅವರ ಪರದೆಯ ಮೇಲೆ ಮುತ್ತಿನಂತೆ ಕಂಡಿತು. ವೇದಿಕೆಗೆ ಹೋದದ್ದೇ ತಡ, ಬಿಟ್ಟ ಜಾಗವೆಲ್ಲ ಮಾಯ! ಅಂಶ ಒಂದು ಕಡೆ, ಛೇದ ಇನ್ನೊಂದು ಕಡೆ. "ಇದು ಲೆಕ್ಕಾನೋ, ಜ್ವಾಳಾ ಚೆಲ್ಲಿದ್ದೋ?" ಎಂದು ಯಾರೋ ಕೇಳಿದ್ದರು. ಅದರ ಕೆಳಗೆ ವೇದಿಕೆ ನೋಡಿಕೊಳ್ಳುವ ನಿಶಾತ ಎಂಬವರ ಸೂಚನೆ: ಸಂಜೆಯೊಳಗೆ ತಿದ್ದದಿದ್ದರೆ ಅಳಿಸಲಾಗುವುದು.

"ಅಳಸಿದ್ರ ಅಳಸ್ಲಿ ಬಿಡ್ರಿ, ನಿಮ್ಮ ಗಂಟೇನ್ ಹೋತು?" ಎಂದರು ಹೆಂಡತಿ ಶೇವಂತೆವ್ವ.

"ಇಷ್ಟ ವರ್ಷ ಮಂದಿ ಲೆಕ್ಕಾ ಜೋಡಿಸೇನಿ. ನಂದು ಅಂತ ಇರೂದು ಇದೊಂದ. ಹೆಂಗ ಬಿಡ್ಲಿ?"

ಛಾಪಖಾನೆಯಲ್ಲಿ ಪ್ರೂಫು, ಅಂದರೆ ಅಚ್ಚಿಗೆ ಮುಂಚಿನ ಕರಡು ಹಾಳೆ, ಎಡವಟ್ಟಾದರೆ ಹುಲಗಪ್ಪನವರಿಗೆ ಗೊತ್ತಿದ್ದ ದಾರಿ ಒಂದೇ, ಹಾಳೆ ಹಿಡಿದು ಪುಸ್ತಕ ಬರೆದ ಪ್ರೊಫೆಸರರ ಬಾಗಿಲಿಗೆ ಹೋಗುವುದು. ಉತ್ತರವನ್ನು ಹಾಳೆಯ ಮೇಲೆ ಬರೆದುಕೊಂಡು ಬಸ್ಸು ಹತ್ತಿದರು. ನಿಶಾತ ವಿದ್ಯಾನಗರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆಂದು ವೇದಿಕೆಯಲ್ಲೇ ಬರೆದಿತ್ತು.

ಹಾಳೆ ನೋಡಿ ನಿಶಾತ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಕಾಕಾ, ಎಷ್ಟ ಛಲೋ ಮಾಡೀರಿ! ಆದ್ರ ನೀವು ಬಿಟ್ಟ ಜಾಗಾ ಎಲ್ಲಾ ಯಂತ್ರ ನುಂಗತೇತ್ರಿ. ಕೈಲೆ ಜೋಡಸಬ್ಯಾಡ್ರಿ. ಯಾವದು ಮ್ಯಾಲ, ಯಾವದು ಕೆಳಗ ಅಂತ ಬರದು ಹೇಳ್ರಿ ಸಾಕು. ಜೋಡಸೂದು ಅದರ ಕೆಲಸಾ."

ಮೇಡಂ ತೋರಿಸಿಕೊಟ್ಟರು: ಸಾಲಿನ ಎರಡೂ ತುದಿಗೆ ಡಾಲರ್ ಗುರುತು, ಭಿನ್ನರಾಶಿಗೊಂದು ಪುಟ್ಟ ಆಜ್ಞೆ, ಮುಂದೆ ಎರಡು ಜೊತೆ ಕಂಸ. ಮೊದಲನೆಯದರಲ್ಲಿ ಅಂಶ, ಎರಡನೆಯದರಲ್ಲಿ ಛೇದ. ಅಷ್ಟೇ! ಹುಲಗಪ್ಪನವರಿಗೆ ನಗು ಬಂತು. ಪ್ರೊಫೆಸರರು ಹಾಳೆಯ ಅಂಚಿನಲ್ಲಿ ತಮಗೆ ಹೀಗೆಯೇ ಅಲ್ಲವೇ ಬರೆದು ಹೇಳುತ್ತಿದ್ದದ್ದು?

ಮೇಡಂ ಅವರ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಎರಡು ಸಲ ತಪ್ಪಿದರು. ಮೂರನೆಯ ಸಲಕ್ಕೆ, ಕಳಿಸುವ ಮುಂಚೆ ಕಾಣುವ ಪೂರ್ವನೋಟದಲ್ಲಿ ಇಡೀ ಸಾಲು ಅಚ್ಚುಕಟ್ಟಾಗಿ ಎದ್ದು ನಿಂತಿತು. ಗೆರೆಯ ಮೇಲೊಂದು, ಗೆರೆಯ ಕೆಳಗೊಂದು. ಆದರೆ ಹುಲಗಪ್ಪನವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಕಳಸ್ರಿ ಕಾಕಾ, ಯಾಕ ನಿಂತ್ರಿ?"

"ಪ್ರೂಫಿಗೆ ಸಹಿ ಆಗಬೇಕಲ್ರಿ ಮೇಡಂ. ಬರದಾವ್ರ ಸಹಿ ಇಲ್ದ ನಾ ಎಂದೂ ಛಾಪಿಸಾಕ ಬಿಟ್ಟಿಲ್ಲ."

"ಅಯ್ಯ, ಬರದಾವ್ರು ನೀವ ಅಲ್ಲೇನ್ರಿ!"

ಹುಲಗಪ್ಪನವರು ಉತ್ತರದ ಮೇಲೆ ವೇದಿಕೆ ತಾನೇ ಹಾಕಿದ್ದ 'ಅತಿಥಿ ೪೭' ಎಂಬ ಹೆಸರನ್ನು ಅಳಿಸಿ, ತಮ್ಮ ಹೆಸರು ಒತ್ತಿ, ಪ್ರೂಫು ನೋಡಿದ ಹಾಗೆ ಅಕ್ಷರ ಅಕ್ಷರವಾಗಿ ಓದಿ, ಕಳಿಸಿದರು.

ಮೇಡಂ ತರಿಸಿದ ಚಹಾ ಮುಗಿಯುವ ಮುಂಚೆಯೇ ಚಿನ್ಮಯೀಯ ಉತ್ತರ ಬಂದಿತ್ತು: "ಹುಲಗಪ್ಪ ಸರ್, ಖರೇನ ತಿಳೀತ್ರಿ. ಇನ್ನೊಂದು ಲೆಕ್ಕಾ ಕೇಳ್ಲಿ?"

ಜೀವನವಿಡೀ ಪ್ರೊಫೆಸರರ ಬಾಗಿಲಲ್ಲಿ ನಿಂತು "ಸರ್" ಎಂದು ಕರೆದಿದ್ದ ಹುಲಗಪ್ಪನವರು ಆ ಸಾಲನ್ನು ಮತ್ತೆ ಮತ್ತೆ ಓದಿಕೊಂಡರು. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, "ಕೇಳವ್ವಾ" ಎಂದು ಬರೆದರು.